ಮುಂಬಯಿಯ ಅಜ್ಜನ ಮನೆಯಲ್ಲಿ ಬೇಸಿಗೆ ಶಿಬಿರ

ಮೊಮ್ಮಕ್ಕಳನ್ನೆಲ್ಲ ಬೇಸಿಗೆ ರಜೆಯಲ್ಲಿ ಒಂದೇ ಮನೆಯಲ್ಲಿ ಸೇರಿಸಿ, ನಾಲ್ಕಾರು ದಿನದಿಂದ ಎರಡು ವಾರದವರೆಗೆ ಆಟ, ಅಡುಗೆ, ಕತೆ, ತಿರುಗಾಟ ಎಂದು ದಿನಕ್ಕೊಂದು ಕ್ರಮ ಹಾಕಿಕೊಂಡು ಅಜ್ಜ-ಅಜ್ಜಿಯರೇ ನಡೆಸುವ ಕೂಟವೇ ಮನೆಯ ಬೇಸಿಗೆ ಶಿಬಿರ. ಇದಕ್ಕೆ ಶುಲ್ಕವಿಲ್ಲ, ತರಬೇತುದಾರರಿಲ್ಲ, ಕೊನೆಗೆ ಪ್ರಮಾಣಪತ್ರವೂ ಇಲ್ಲ. ದುಡ್ಡು ಕಟ್ಟಿ ಸೇರುವ ಶಿಬಿರದಲ್ಲಿ ಒಂದೇ ವಯಸ್ಸಿನ, ಗುರುತು ಪರಿಚಯವಿಲ್ಲದ ಮಕ್ಕಳು ಎರಡು-ಮೂರು ಗಂಟೆ ಜೊತೆಗಿದ್ದು ಮನೆಗೆ ಮರಳುತ್ತಾರೆ. ಇಲ್ಲಿ ಐದು ವರ್ಷದ ಮಗುವೂ ಹದಿಮೂರರ ಹುಡುಗಿಯೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ, ಅಕ್ಕಪಕ್ಕ ಹಾಸಿಗೆ ಹಾಸಿ ಮಲಗುತ್ತಾರೆ. ರಜೆಗೆ ಸುಮ್ಮನೆ ಬಂದು ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಶಿಬಿರದಲ್ಲಿ ದಿನದ ಕೆಲಸವನ್ನು ಮೊದಲೇ ಯೋಚಿಸಿರುತ್ತಾರೆ, ಮಕ್ಕಳಿಗೂ ಕೆಲಸ ಹಂಚಿರುತ್ತಾರೆ.

ಅಮೆರಿಕದಲ್ಲಿ ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಜೊತೆಯಾಗಿ ಹೋಗಿ ಉಳಿಯುವ ಶಿಬಿರಗಳಿವೆ. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಸೀಮೆಯಲ್ಲಿರುವ ಗ್ರೇಟ್ ಕ್ಯಾಂಪ್ ಸಾಗಮೋರ್ ಇಂಥ ಶಿಬಿರಗಳಿಗೆ ಹೆಸರಾಗಿದೆ. ಆದರೆ ಮುಂಬಯಿಯ ಕನ್ನಡ ಮನೆಗಳಲ್ಲಿ ಮನೆಯ ಶಿಬಿರದ ಬೇರು ಇರುವುದು ಊರಿನ ಅಜ್ಜನ ಮನೆಯ ರಜೆಯಲ್ಲಿ.

ಊರಿನ ರಜೆ, ಉಪನಗರದ ರಜೆ

2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಕರಾವಳಿಯವರು ಈ ಲೆಕ್ಕದ ಹೊರಗೆ ಬೇರೆ ಇದ್ದಾರೆ. ಮುಂಬಯಿಯಲ್ಲಿ ಇವರ ನೆಲೆ ಹಳೆಯದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಹೋಟೆಲು, ಗಿರಣಿ, ಬಂದರು, ಬ್ಯಾಂಕುಗಳಲ್ಲಿ ದುಡಿಯಲು ಬಂದ ಮೊದಲ ತಲೆಮಾರಿನ ಹೆಚ್ಚಿನವರು ತಂದೆ-ತಾಯಿಯನ್ನು ಊರಲ್ಲೇ ಬಿಟ್ಟು ಬಂದಿದ್ದರು. ಹೀಗಾಗಿ ಮುಂಬಯಿಯ ಮಕ್ಕಳಿಗೆ ಮೇ ತಿಂಗಳೆಂದರೆ ಊರು. ಕರಾವಳಿಯವರು ಮೊದಲು ಹಡಗಿನಲ್ಲಿ, ಆಮೇಲೆ ಘಟ್ಟದ ದಾರಿಯ ಬಸ್ಸುಗಳಲ್ಲಿ ಹೋಗುತ್ತಿದ್ದರು. ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಯವರಿಗೆ ರೈಲಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಕುರ್ಲಾದಿಂದ ಹೊರಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಉಡುಪಿ, ಮಂಗಳೂರು ಒಂದು ರಾತ್ರಿಯ ದಾರಿಯಾಯಿತು.

ದಾರಿ ಹತ್ತಿರವಾಯಿತು, ಆದರೆ ಊರಿನ ಮನೆಗಳಲ್ಲಿ ಅಜ್ಜ-ಅಜ್ಜಿ ಉಳಿಯಲಿಲ್ಲ. ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಡೊಂಬಿವಲಿ, ಥಾಣೆ, ಬೊರಿವಲಿ, ಮೀರಾ ರೋಡ್, ನವಿಮುಂಬಯಿಗಳಲ್ಲಿ ಫ್ಲಾಟು ಕೊಂಡವರೇ ಈಗ ಅಜ್ಜ-ಅಜ್ಜಿಯರಾಗಿದ್ದಾರೆ. ಅವರ ಮಕ್ಕಳು ಪುಣೆ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ, ಇಲ್ಲವೇ ಇದೇ ನಗರದ ಇನ್ನೊಂದು ತುದಿಯಲ್ಲಿದ್ದಾರೆ. ಹೀಗೆ ಅಜ್ಜನ ಮನೆ ಉಪನಗರದ ನಾಲ್ಕನೇ ಮಹಡಿಗೆ ಬಂದಿದೆ. ಊರಿನ ಮನೆಯಲ್ಲಿ ತೋಟ, ಬಾವಿ, ಕೊಟ್ಟಿಗೆ, ಮಾವಿನ ಮರ, ಪಕ್ಕದ ಮನೆಯ ಮಕ್ಕಳು ಎಲ್ಲ ಇರುತ್ತಿದ್ದುದರಿಂದ ಮಕ್ಕಳನ್ನು ಯಾರೂ ಆಡಿಸಬೇಕಾಗಿರಲಿಲ್ಲ. ಅವು ಯಾವುವೂ ಇಲ್ಲದ ಎರಡು ಕೋಣೆಯ ಫ್ಲಾಟಿನಲ್ಲಿ ಆ ರಜೆ ಬೇಕೆಂದರೆ ಯೋಜನೆ ಹಾಕಲೇಬೇಕು. ಶಿಬಿರ ಎಂಬ ಹೆಸರು ಬಂದದ್ದು ಈ ಯೋಜನೆಯಿಂದ.

ಕಾಲ

ಮಹಾರಾಷ್ಟ್ರದ ರಾಜ್ಯ ಮಂಡಳಿಯ ಶಾಲೆಗಳು ಮೇ ಆರಂಭದ ಹೊತ್ತಿಗೆ ಮುಚ್ಚಿ ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಕೇಂದ್ರೀಯ ಪಠ್ಯಕ್ರಮದ ಅನೇಕ ಶಾಲೆಗಳು ಏಪ್ರಿಲ್‌ನಲ್ಲಿ ಹೊಸ ವರ್ಷ ಶುರುಮಾಡಿ ಮೇ ತಿಂಗಳಲ್ಲಿ ರಜೆ ಕೊಡುತ್ತವೆ. ಕರ್ನಾಟಕದ ಶಾಲೆಗಳ ರಜೆ ಏಪ್ರಿಲ್‌ನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಬೆಂಗಳೂರಿನ ಮೊಮ್ಮಕ್ಕಳೂ ಮುಂಬಯಿಯ ಮೊಮ್ಮಕ್ಕಳೂ ಒಟ್ಟಿಗೆ ಬೇಕೆಂದರೆ ಮೇ ತಿಂಗಳ ಮೊದಲ ಮೂರು ವಾರವೇ ಸರಿಯಾದ ಕಾಲ. ದೂರದ ರೈಲುಗಳ ಮುಂಗಡ ಕಾದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿಸಿರುವುದರಿಂದ ಮೇ ಆರಂಭದ ಪ್ರಯಾಣಕ್ಕೆ ಮಾರ್ಚ್ ಮೊದಲ ವಾರದಲ್ಲೇ ಟಿಕೆಟ್ ನೋಡಬೇಕು.

ಮುಂಬಯಿಯ ಮೇ ತಿಂಗಳಲ್ಲಿ ಉಷ್ಣಾಂಶ 33-34 ಡಿಗ್ರಿಯ ಆಸುಪಾಸಿನಲ್ಲಿದ್ದರೂ ಕಡಲಿನ ತೇವದಿಂದ ಸೆಕೆ ಹೆಚ್ಚು. ಮಳೆಗಾಲ ವಾಡಿಕೆಯಂತೆ ಜೂನ್ 11ರ ಹೊತ್ತಿಗೆ ಕಾಲಿಡುತ್ತದೆ. ಅದಕ್ಕೆ ಮೊದಲಿನ ವಾರಗಳಲ್ಲಿ ನಗರಕ್ಕೆ ನೀರುಣಿಸುವ ಏಳು ಕೆರೆಗಳು ತಳ ಮುಟ್ಟಿ, ಕೆಲವು ವರ್ಷ ನೀರು ಕಡಿತವಾಗುವುದೂ ಉಂಟು. ಐದು ಮಕ್ಕಳು ಬಂದಿಳಿಯುವ ಮನೆಯಲ್ಲಿ ಸ್ನಾನದ ಸರದಿ ನಲ್ಲಿಯಲ್ಲಿ ನೀರು ಬರುವ ಹೊತ್ತಿನ ಮೇಲೆ ನಿಂತಿರುತ್ತದೆ. ಹಾಪೂಸ್, ಪಾಯರಿ ಮಾವು ಅಗ್ಗವಾಗುವುದು ಮಾತ್ರ ಇದೇ ತಿಂಗಳಲ್ಲಿ.

ತಯಾರಿ

ಎಷ್ಟು ಮಕ್ಕಳು, ಎಷ್ಟು ದಿನ ಎಂಬುದನ್ನು ಅಜ್ಜ-ಅಜ್ಜಿಯ ಆರೋಗ್ಯ ನೋಡಿ ನಿರ್ಧರಿಸಬೇಕು. ಮೊದಲ ವರ್ಷ ಮೂರು-ನಾಲ್ಕು ಮಕ್ಕಳು, ನಾಲ್ಕೈದು ದಿನ ಸಾಕು. ಆರರಿಂದ ಹನ್ನೆರಡು ವರ್ಷದವರೊಡನೆ ಶಿಬಿರ ಸಲೀಸಾಗಿ ನಡೆಯುತ್ತದೆ. ಅದಕ್ಕಿಂತ ಚಿಕ್ಕ ಮಗುವಿದ್ದರೆ ಅದರ ತಾಯಿಯೋ ತಂದೆಯೋ ರಾತ್ರಿಯಾದರೂ ಜೊತೆಗಿರುವುದು ಒಳ್ಳೆಯದು. ಹದಿಮೂರು ದಾಟಿದವರನ್ನು ಶಿಬಿರಾರ್ಥಿಗಳೆನ್ನದೆ ನಾಯಕರೆಂದು ಕರೆದು ಕಿರಿಯರ ಹೊಣೆ ಕೊಟ್ಟರೆ ಅವರಿಗೂ ಗೌರವ, ಅಜ್ಜಿಗೂ ಹಗುರ.

ಮಕ್ಕಳ ತಂದೆ-ತಾಯಿಯರೊಡನೆ ಕೆಲವು ವಿಷಯ ಮೊದಲೇ ಮಾತಾಡಿ ಮುಗಿಸಬೇಕು. ಯಾವ ಮಗುವಿಗೆ ಏನು ತಿಂದರೆ ಆಗದು, ಯಾವ ಔಷಧ ಎಷ್ಟು ಹೊತ್ತಿಗೆ, ಮೊಬೈಲು ಎಷ್ಟು ಹೊತ್ತು, ಹೊರಗೆ ಕರೆದೊಯ್ಯಲು ಒಪ್ಪಿಗೆ ಇದೆಯೇ, ಖರ್ಚು ಯಾರದು? ಪಿಂಚಣಿಯ ಮೇಲೆ ನಡೆಯುವ ಮನೆಗೆ ಹಾಲು, ಹಣ್ಣು, ರಿಕ್ಷಾ, ಟಿಕೆಟ್ಟುಗಳ ಲೆಕ್ಕ ಸಣ್ಣದೇನಲ್ಲ. ಕೇಳಲು ಸಂಕೋಚಪಡುವ ಹಿರಿಯರೇ ಹೆಚ್ಚು, ಆದ್ದರಿಂದ ಮಕ್ಕಳ ತಂದೆ-ತಾಯಿಯರೇ ಮುಂದಾಗಿ ದಿನಸಿ ತರಿಸಿಕೊಡುವುದು ಸರಿಯಾದ ರೀತಿ.

ಜಾಗದ ಕೊರತೆಯನ್ನು ಕಟ್ಟಡದ ಕಾಂಪೌಂಡು, ಮೆಟ್ಟಿಲ ಕೆಳಗಿನ ಜಾಗ, ಟೆರೇಸುಗಳು ಸ್ವಲ್ಪ ನೀಗಿಸುತ್ತವೆ. ಟೆರೇಸಿಗೆ ಬೀಗವಿದ್ದರೆ ಸೊಸೈಟಿಯ ಕಾರ್ಯದರ್ಶಿಗೆ ಮೊದಲೇ ಹೇಳಿ ಬೀಗದಕೈ ಪಡೆಯಬೇಕು. ಮಕ್ಕಳು ಅಲ್ಲಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಜೊತೆಗಿರಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ಕಟ್ಟಡದಲ್ಲಿ ಎಲ್ಲರೂ ಮಲಗುವ ಹೊತ್ತು ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿದರೆ ನೆರೆಮನೆಯ ತಕರಾರು ಬರುವುದಿಲ್ಲ.

ದಿನದ ಕ್ರಮ

ಮುಂಬಯಿಯ ಸೆಕೆಗೆ ಹೊಂದುವ ದಿನಚರಿ ಬೇಗ ಶುರುವಾಗುತ್ತದೆ. ಆರೂವರೆಗೆ ಎದ್ದು ಅಜ್ಜನ ಜೊತೆ ನಡಿಗೆ, ಬರುವಾಗ ಹಾಲು, ತರಕಾರಿ. ತಿಂಡಿಯಾದ ಮೇಲೆ ಹನ್ನೊಂದರವರೆಗೆ ಕೈಕೆಲಸ ಅಥವಾ ಅಡುಗೆಮನೆಯ ಕೆಲಸ. ಊಟದ ಬಳಿಕ ನಿದ್ದೆ, ನಿದ್ದೆ ಬಾರದವರಿಗೆ ಓದು. ನಾಲ್ಕಕ್ಕೆ ಪುನರ್ಪುಳಿ ಶರಬತ್ತೋ ಮಜ್ಜಿಗೆಯೋ ಕುಡಿದು ಕೂತಾಡುವ ಆಟ, ಐದೂವರೆಯ ಮೇಲೆ ಕೆಳಗೆ ಓಡಾಟದ ಆಟ. ದೀಪ ಹಚ್ಚಿದ ಮೇಲೆ ಭಜನೆ ಅಥವಾ ಹಾಡು, ಊಟ, ಕತೆ. ವೇಳಾಪಟ್ಟಿಯನ್ನು ಮಕ್ಕಳಿಂದಲೇ ಬರೆಸಿ ಫ್ರಿಜ್ಜಿನ ಮೇಲೆ ಅಂಟಿಸಿದರೆ ಅದನ್ನು ಪಾಲಿಸುವಂತೆ ಅವರೇ ಒಬ್ಬರಿಗೊಬ್ಬರು ಹೇಳುತ್ತಾರೆ. ದಿನದಲ್ಲಿ ಒಂದೆರಡು ಗಂಟೆ ಏನೂ ಇಡದೆ ಬಿಡುವುದೂ ಅಗತ್ಯ. ಮಕ್ಕಳು ತಮ್ಮ ಆಟ ತಾವೇ ಹುಟ್ಟಿಸಿಕೊಳ್ಳುವುದು ಆಗಲೇ.

ಸಂಡಿಗೆಯ ಪಾಠ

ಮೇ ತಿಂಗಳ ಬಿಸಿಲಿಗೆ ಒಪ್ಪುವ ಕೆಲಸ ಸಂಡಿಗೆ. ಸಬ್ಬಕ್ಕಿ ಸಂಡಿಗೆ ಮಾಡಲು ಒಂದು ಲೋಟ ಸಬ್ಬಕ್ಕಿಯನ್ನು ರಾತ್ರಿಯೇ ನೆನೆಸಬೇಕು. ಬೆಳಿಗ್ಗೆ ನಾಲ್ಕೈದು ಲೋಟ ನೀರು ಕುದಿಸಿ, ನೆನೆದ ಸಬ್ಬಕ್ಕಿ ಹಾಕಿ, ಕಾಳು ಗಾಜಿನಂತೆ ತಿಳಿಯಾಗುವವರೆಗೆ ಕೈಯಾಡಿಸಬೇಕು. ಉಪ್ಪು, ಜೀರಿಗೆ, ಅರೆದ ಹಸಿಮೆಣಸು, ಇಂಗು ಹಾಕಿ ಇಳಿಸಿ ಆರಲು ಬಿಡಬೇಕು. ಒಣಗಿದಾಗ ಉಪ್ಪು ಎದ್ದು ಕಾಣುವುದರಿಂದ ಅದನ್ನು ಕೈ ಹಿಡಿದು ಹಾಕುವುದು ಅಜ್ಜಿಯ ಕೆಲಸ. ಒಲೆಯ ಮುಂದಿನದೆಲ್ಲ ದೊಡ್ಡವರದು, ಆಮೇಲಿನದು ಮಕ್ಕಳದು. ಟೆರೇಸಿನಲ್ಲಿ ಹಳೆಯ ಪಂಚೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಗಂಜಿಯನ್ನು ಚಮಚದಿಂದ ಹನಿಹನಿಯಾಗಿ ಸಾಲಾಗಿ ಬಿಡುವುದು, ಸಾಲಿಗೆ ಎಷ್ಟೆಂದು ಎಣಿಸುವುದು, ಕಾಗೆ ಪಾರಿವಾಳ ಓಡಿಸುವುದು, ಸಂಜೆ ಪಂಚೆ ಸಹಿತ ಒಳಗೆ ತರುವುದು ಅವರ ಪಾಲು. ಎರಡನೇ ದಿನ ಪಂಚೆಯ ಹಿಂಭಾಗಕ್ಕೆ ನೀರು ಚಿಮುಕಿಸಿದರೆ ಸಂಡಿಗೆ ಮುರಿಯದೆ ಏಳುತ್ತದೆ. ಇನ್ನೊಂದು ಬಿಸಿಲು ಕಂಡರೆ ಡಬ್ಬಿ ಸೇರುತ್ತದೆ.

ಒಂದು ಕೆಲಸ ಮೂರು ದಿನಕ್ಕೆ ಹರಡುವುದರಿಂದ, ಇಂದು ಮಾಡಿದ್ದು ನಾಡಿದ್ದು ಕೈಗೆ ಬರುತ್ತದೆಂದು ಕಾಯುವುದನ್ನು ಮಕ್ಕಳು ಕಲಿಯುತ್ತಾರೆ. ಮನೆಗೆ ಹೊರಡುವಾಗ ಪ್ರತಿ ಮಗುವಿನ ಚೀಲಕ್ಕೂ ತಾನೇ ಬಿಟ್ಟ ಸಂಡಿಗೆಯ ಒಂದು ಪೊಟ್ಟಣ ಹಾಕಿದರಾಯಿತು. ಟೆರೇಸು ಸಿಗದ ಮನೆಯಲ್ಲಿ ಮಾವಿನ ಸೀಕರಣೆ, ನೀರುದೋಸೆ, ಕೋಸಂಬರಿಗಳಿಂದಲೂ ಇದೇ ಪಾಠ ನಡೆಯುತ್ತದೆ. ಮಾಟುಂಗದ ಮಾರುಕಟ್ಟೆಗೆ ಒಮ್ಮೆ ಕರೆದೊಯ್ದು ಬಾಳೆಲೆ, ಕರಿಬೇವು, ಬಗೆಬಗೆಯ ಸೌತೆಕಾಯಿಗಳನ್ನು ಮಕ್ಕಳಿಂದಲೇ ಕೊಳ್ಳಿಸಿ, ಚಿಲ್ಲರೆಯ ಲೆಕ್ಕ ಹಾಕಿಸಬಹುದು.

ಕವಡೆ ಮತ್ತು ಚೌಕ

ಕೂತಾಡುವ ಆಟಗಳಲ್ಲಿ ಚೌಕಾಬಾರಾ ಫ್ಲಾಟಿಗೆ ಹೇಳಿ ಮಾಡಿಸಿದಂತಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಕಾಟು ಹಾಕಬೇಕು. ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ದಾಳದ ಬದಲು ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಿ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ನಾಲ್ಕು, ಅದು ಚೌಕ. ನಾಲ್ಕೂ ಬೋರಲಾದರೆ ಎಂಟು, ಅದು ಬಾರಾ. ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತಿನಲ್ಲಿ ಎದುರು ದಿಕ್ಕಿಗೆ ತಿರುಗಿ, ಮಧ್ಯದ ಮನೆಗೆ ಹಣ್ಣಾಗಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಹಲವು ಮನೆಗಳ ಕಟ್ಟಳೆ. ಐದು ವರ್ಷದ ಮಗುವಿಗೆ ಇದು ಎಣಿಕೆ, ಹನ್ನೆರಡರ ಹುಡುಗನಿಗೆ ಲೆಕ್ಕಾಚಾರ, ಅಜ್ಜನಿಗೆ ಹಳೆಯ ಹಟ. ವಯಸ್ಸಿನ ಅಂತರ ಇಷ್ಟು ಸುಲಭವಾಗಿ ಅಳಿಸುವ ಆಟ ಕಡಿಮೆ.

ಕರಾವಳಿಯ ಮನೆಗಳಲ್ಲಿ ಚೆನ್ನೆಮಣೆ ಇರುತ್ತದೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ತುಳುನಾಡಿನಲ್ಲಿ ಇದನ್ನು ಮಳೆಗಾಲದ ಆಟಿ ತಿಂಗಳಿನಲ್ಲಿ ಆಡುವುದು ವಾಡಿಕೆ. ಬೇಸಿಗೆಯಲ್ಲಿ ಮಣೆ ಇಳಿಸಬಾರದೆನ್ನುವ ಅಜ್ಜಿಯಿದ್ದರೆ ಹುಲಿ-ಕುರಿ ಆಟವಿದೆ, ಐದು ಕಲ್ಲಿನ ಆಟವಿದೆ. ಕೆಳಗೆ ಕಾಂಪೌಂಡಿನಲ್ಲಿ ಕುಂಟೆಬಿಲ್ಲೆ, ಲಗೋರಿ ಆಡಬಹುದು. ಕಾರುಗಳ ನಡುವೆ ಚಿನ್ನಿದಾಂಡು ಬೇಡ.

ಅಕ್ಷರ

ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾಯಿದೆಯ ಪ್ರಕಾರ ಮರಾಠಿ ಕಲಿಕೆ ಕಡ್ಡಾಯ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಕನ್ನಡ ಮನೆಯ ಮಗು ಮಾತಾಡಬಲ್ಲ ಭಾಷೆಗಳು ನಾಲ್ಕೈದಾದರೂ ಕನ್ನಡ ಅಕ್ಷರ ಅದಕ್ಕೆ ಹೊಸದು. ಆದರೆ ಮರಾಠಿ ಓದಬಲ್ಲ ಮಗುವಿಗೆ ಅರ್ಧ ದಾರಿ ಆಗಲೇ ಸಾಗಿದೆ. ಸ್ವರಗಳ ಕ್ರಮವೂ ಕ-ಚ-ಟ-ತ-ಪ ವರ್ಗಗಳ ಕ್ರಮವೂ ಎರಡು ಲಿಪಿಗಳಲ್ಲಿ ಒಂದೇ. ಬೇರೆ ಭಾಷೆಯವರನ್ನು ಕಾಡುವ ಳಕಾರ ಮರಾಠಿಯಲ್ಲೂ ಇದೆ. ಹೊಸದಾಗಿ ಕಲಿಯಬೇಕಾದ ಸ್ವರಗಳು ಹ್ರಸ್ವ ಎ, ಹ್ರಸ್ವ ಒ. ನಿಜವಾದ ತೊಡಕು ಒತ್ತಕ್ಷರ. ದೇವನಾಗರಿಯಲ್ಲಿ ಮೊದಲ ವ್ಯಂಜನ ಅರ್ಧವಾಗಿ ಎರಡನೆಯದು ಇಡಿಯಾಗಿ ನಿಲ್ಲುತ್ತದೆ, ಕನ್ನಡದಲ್ಲಿ ಮೊದಲನೆಯದು ಇಡಿಯಾಗಿ ನಿಂತು ಎರಡನೆಯದು ಕೆಳಗಿಳಿಯುತ್ತದೆ.

ಇದನ್ನು ಕಲಿಸಲು ಪಠ್ಯಪುಸ್ತಕಕ್ಕಿಂತ ಲೋಕಲ್ ರೈಲಿನ ನಿಲ್ದಾಣಗಳ ಹೆಸರು ಚೆನ್ನಾಗಿ ಒದಗುತ್ತವೆ. ದಾದರ್‌ನಿಂದ ಥಾಣೆಯವರೆಗಿನ ಹೆಸರುಗಳನ್ನು ಕನ್ನಡದಲ್ಲಿ ಬರೆಯುವ ಮಗು ಕುರ್ಲಾದಲ್ಲಿ ಅರ್ಕಾವತ್ತು, ವಿದ್ಯಾವಿಹಾರದಲ್ಲಿ ಯಕಾರದ ಒತ್ತು, ವಿಕ್ರೋಳಿಯಲ್ಲಿ ರಕಾರದ ಒತ್ತು ಕಲಿತುಬಿಡುತ್ತದೆ. ಎರಡು ವಾರದಲ್ಲಿ ನಿರರ್ಗಳ ಓದು ಬರುವುದಿಲ್ಲ, ತನ್ನ ಹೆಸರು, ಮನೆಯವರ ಹೆಸರು, ಊರಿನ ಹೆಸರು ಬರೆಯುವಷ್ಟು ಖಂಡಿತ ಬರುತ್ತದೆ. ತುಳು, ಕೊಂಕಣಿ ಮನೆಗಳಲ್ಲೂ ಮಕ್ಕಳಿಗೆ ಕಲಿಸಲು ಇದೇ ಲಿಪಿ ಸಾಕು.

ಕತೆ ಮತ್ತು ಮನೆತನದ ನೆನಪು

ರಾತ್ರಿಯ ಕತೆಗೆ ಪಂಚತಂತ್ರ, ರಾಮಾಯಣ, ಯಕ್ಷಗಾನದ ಪ್ರಸಂಗಗಳು ಇದ್ದೇ ಇವೆ. ಮಕ್ಕಳು ಮತ್ತೆ ಮತ್ತೆ ಕೇಳುವುದು ಮಾತ್ರ ಅಜ್ಜ ಮೊದಲ ಬಾರಿ ಮುಂಬಯಿಗೆ ಬಂದ ಕತೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದದ್ದು, ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಸರದಿಯಲ್ಲಿ ಮಲಗಿದ್ದು, ಊರಿಗೆ ಕಳಿಸಿದ ಮನಿಯಾರ್ಡರು, 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ, 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ದಿನ ಯಾರು ಎಲ್ಲಿ ಸಿಕ್ಕಿಬಿದ್ದಿದ್ದರು ಎಂಬುದು, ಇವೆಲ್ಲ ಮನೆತನದ ಕತೆಯೂ ಹೌದು, ನಗರದ ಚರಿತ್ರೆಯೂ ಹೌದು. ದೊಡ್ಡ ಮಕ್ಕಳು ಪ್ರಶ್ನೆ ಬರೆದುಕೊಂಡು ಅಜ್ಜ-ಅಜ್ಜಿಯನ್ನು ಸಂದರ್ಶಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಟ್ಟರೆ ಅದು ಮುಂದಿನವರಿಗೂ ಉಳಿಯುತ್ತದೆ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಷ್ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ಅಜ್ಜ-ಅಜ್ಜಿ ಬೆಳೆದದ್ದು ಎಲ್ಲಿ, ತಂದೆ-ತಾಯಿಯ ಭೇಟಿ ಆದದ್ದು ಹೇಗೆ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಹೆಚ್ಚು ಉತ್ತರ ಬಲ್ಲ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಾಗಿ ಕಂಡಿತು. ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಆ ಗುಣ ಬರುತ್ತದೆಂದು ಇದರ ಅರ್ಥವಲ್ಲ. ಇಂಥ ಮಾತು ನಡೆಯುವಷ್ಟು ಹೊತ್ತು ಜೊತೆಗೆ ಕೂರುವ ಮನೆಗಳ ಮಕ್ಕಳಿಗೆ ಅದು ಒದಗುತ್ತದೆ ಎಂದು ತಿಳಿಯಬಹುದು.

ತಿರುಗಾಟ

ದಿನ ಬಿಟ್ಟು ದಿನ ಒಂದು ತಿರುಗಾಟ ಸಾಕು. ಬೈಕಲಾದ ರಾಣಿಬಾಗ್‌ನಲ್ಲಿ ಪ್ರಾಣಿಗಳ ಜೊತೆ ಪೆಂಗ್ವಿನ್‌ಗಳಿವೆ, ಪಕ್ಕದಲ್ಲೇ 1872ರಲ್ಲಿ ತೆರೆದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವಿದೆ. ಎರಡಕ್ಕೂ ಬುಧವಾರ ರಜೆ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿರುವ ಕಾನ್ಹೇರಿ ಇದೆ, ಅಲ್ಲಿ ಸೋಮವಾರ ರಜೆ. ಬಿಸಿಲಿನ ದಿನಕ್ಕೆ ವರ್ಲಿಯ ನೆಹರೂ ವಿಜ್ಞಾನ ಕೇಂದ್ರ ಅನುಕೂಲ. ಧಾರಾವಿಯ ಬಳಿಯ ಮಹಾರಾಷ್ಟ್ರ ನೇಚರ್ ಪಾರ್ಕ್ ಒಂದು ಕಾಲದ ಕಸದ ಗುಡ್ಡೆಯ ಮೇಲೆ ಬೆಳೆದ ಕಾಡು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ ದಾರಿಯಲ್ಲೇ ಮಕ್ಕಳು ಈಗಲೂ ಓಡಾಡಬಹುದು. ಅಜ್ಜ ಮೊದಲು ಕೆಲಸ ಮಾಡಿದ ಬೀದಿ, ಓದಿದ ರಾತ್ರಿ ಶಾಲೆ, ಮದುವೆಯಾದ ಸಭಾಗೃಹಗಳನ್ನು ಸೇರಿಸಿದರೆ ತಿರುಗಾಟಕ್ಕೆ ಕಳೆದ ರಾತ್ರಿಯ ಕತೆಯ ನಂಟು ಬರುತ್ತದೆ.

ಲೋಕಲ್ ರೈಲನ್ನು ಬೆಳಿಗ್ಗೆ ಹನ್ನೊಂದರ ಬಳಿಕ ಹತ್ತಿ ಸಂಜೆ ಐದರ ಮೊದಲು ಮನೆ ಸೇರುವಂತೆ ನೋಡಿಕೊಳ್ಳಬೇಕು. ಭಾನುವಾರ ಹಳಿಗಳ ದುರಸ್ತಿಗಾಗಿ ರೈಲು ತಡೆಯುವ ಮೆಗಾ ಬ್ಲಾಕ್ ಇರುವುದರಿಂದ ಆ ದಿನ ದೂರದ ತಿರುಗಾಟ ಬೇಡ. ಇಬ್ಬರು ದೊಡ್ಡವರಿಲ್ಲದೆ ನಾಲ್ಕು ಮಕ್ಕಳನ್ನು ಗರ್ದಿಗೆ ಕರೆದೊಯ್ಯಬಾರದು. ಮನೆಯ ಫೋನ್ ಸಂಖ್ಯೆ ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿರಲಿ. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿಗೆ 1098 ಎಂಬುದನ್ನು ದೊಡ್ಡ ಮಕ್ಕಳಿಗೆ ಕಲಿಸಿಡಬೇಕು.

ತೊಡಕುಗಳು

ಇಂಥ ಶಿಬಿರಗಳ ದೊಡ್ಡ ದೋಷ, ಮಕ್ಕಳಿಗೆ ರಜೆಯಾಗಿ ಅಜ್ಜಿಗೆ ದುಪ್ಪಟ್ಟು ದುಡಿಮೆಯಾಗುವುದು. ಆರು ಮಂದಿಯ ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಒಬ್ಬರ ಮೇಲೆ ಬಿದ್ದರೆ ಮೂರನೇ ದಿನವೇ ಮೊಣಕಾಲು ಮಾತಾಡುತ್ತದೆ. ತಟ್ಟೆ ತೊಳೆಯುವುದು, ಹಾಸಿಗೆ ಮಡಿಸುವುದು, ಬಟ್ಟೆ ಒಣಹಾಕುವುದು ಮಕ್ಕಳ ಸರದಿಗೂ, ಸಂತೆ, ತಿಂಡಿ, ಸ್ನಾನದ ಉಸ್ತುವಾರಿ ಅಜ್ಜನ ಪಾಲಿಗೂ ಬರಬೇಕು. ಒಂದು ಹೊತ್ತಿನ ಊಟ ಹೊರಗಿನಿಂದ ತರಿಸಿದರೆ ಶಿಬಿರಕ್ಕೆ ಕುಂದಿಲ್ಲ.

ಮೊಬೈಲಿನ ವಿಷಯದಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ದೊಡ್ಡ ಮಕ್ಕಳಿಗೆ ಸಂಜೆ ಒಂದು ಗೊತ್ತಾದ ಹೊತ್ತು ಕೊಟ್ಟರೆ ದಿನವಿಡೀ ಬೇಡುವುದು ತಪ್ಪುತ್ತದೆ, ಆ ನಿಯಮ ಅಜ್ಜನ ವಾಟ್ಸಾಪಿಗೂ ಅನ್ವಯಿಸಬೇಕು. ಜಗಳವಾದಾಗ ಒಂದು ಮಗುವನ್ನು ಇನ್ನೊಂದಕ್ಕೆ ಹೋಲಿಸುವುದು, ಮಗನ ಮಕ್ಕಳು ಮಗಳ ಮಕ್ಕಳೆಂದು ಭೇದ ಮಾಡುವುದು ದೊಡ್ಡವರವರೆಗೂ ಹಬ್ಬುವ ಮನಸ್ತಾಪಕ್ಕೆ ದಾರಿ. ಮನೆ ನೆನೆದು ಅಳುವ ಮಗುವನ್ನು ರಾತ್ರಿ ತಂದೆ-ತಾಯಿಯ ಜೊತೆ ಮಾತಾಡಿಸಬೇಕು, ಎರಡು ದಿನವಾದರೂ ಒಗ್ಗದಿದ್ದರೆ ಮನೆಗೆ ಕಳಿಸುವುದರಲ್ಲಿ ತಪ್ಪಿಲ್ಲ. ಜ್ವರ, ವಾಂತಿ-ಭೇದಿ ಕಂಡರೆ ಓಆರ್‌ಎಸ್ ಕುಡಿಸುತ್ತಾ ಡಾಕ್ಟರಲ್ಲಿಗೆ ಹೋಗಬೇಕು, ಮನೆಮದ್ದಿನ ಪ್ರಯೋಗಕ್ಕೆ ಇದು ಸಮಯವಲ್ಲ.

ಮುಕ್ತಾಯ

ಕೊನೆಯ ದಿನ ತಂದೆ-ತಾಯಿಯರು ಮಕ್ಕಳನ್ನು ಕರೆದೊಯ್ಯಲು ಬಂದಾಗ ಒಂದು ಸಣ್ಣ ಸಮಾರೋಪ ಇಡುವುದು ರೂಢಿಗೆ ಬರುತ್ತಿದೆ. ಮಕ್ಕಳು ಬಡಿಸುತ್ತಾರೆ, ಹಾಡು ಹೇಳುತ್ತಾರೆ, ಪುಟ್ಟ ನಾಟಕ ಆಡುತ್ತಾರೆ, ಬರೆದ ಅಕ್ಷರ ತೋರಿಸುತ್ತಾರೆ. ಅಂದೇ ಅಜ್ಜ-ಅಜ್ಜಿ ಒಂದು ನೋಟುಬುಕ್ಕಿನಲ್ಲಿ ಯಾವ ಆಟ ಹಿಡಿಸಿತು, ಯಾವುದು ಬೇಸರ ತಂದಿತು, ಎಷ್ಟು ಖರ್ಚಾಯಿತು, ಯಾರಿಗೆ ಏನು ಒಗ್ಗಲಿಲ್ಲ ಎಂದು ಬರೆದಿಟ್ಟರೆ ಮುಂದಿನ ಬೇಸಿಗೆಯ ಕೆಲಸ ಅರ್ಧ ಮುಗಿದಂತೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಇನ್ನೊಂದು ಕಡೆಯ ಅಜ್ಜ-ಅಜ್ಜಿಯರೂ ಒಪ್ಪಿದರೆ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ ಎಂದು ಹಂಚಿಕೊಳ್ಳಬಹುದು. ಊರಿನ ಮನೆ ಇನ್ನೂ ಉಳಿದಿರುವವರು ಶಿಬಿರದ ಕೊನೆಯ ಮೂರು-ನಾಲ್ಕು ದಿನವನ್ನು ಅಲ್ಲಿಯೇ ನಡೆಸಿದರೆ, ಕತೆಯಲ್ಲಿ ಕೇಳಿದ ಬಾವಿಯನ್ನೂ ಶಾಲೆಯನ್ನೂ ಮಕ್ಕಳು ಕಣ್ಣಾರೆ ನೋಡಿ ಬರುತ್ತಾರೆ.